ಭಾವ ಬಳಿದ ಕೆಂಪು ಬಣ್ಣ

ಗುಡುಗಿಕೊಂಡೇ ತಮ್ಮನ ಗ್ಯಾರೇಜಿಗೆ ನುಗ್ಗುವ ಅಕ್ಕ, ಈವತ್ತು ಲಾರಿಯನ್ನು ಕೂಸಿನ ನಿದ್ದೆ ಕೆಡಬಾರದೇನೋ ಎನ್ನುವ ಹಾಗೆ ತೆವಳಿಸಿಕೊಂಡು ತಂದಳು. ಪಕ್ಕದಲ್ಲಿ ಭಾವ ಕೂತಿದ್ದ. ಏನೋ ಎಡವಟ್ಟಾಗಿದೆ ಅಂತ ತಮ್ಮನಿಗೆ ಆಗಲೇ ಅನ್ನಿಸಿತು.

"ಹಿಂದಿನ ಎಡಚಕ್ರ ನೋಡೋ. ಎರಡು ಬೋಲ್ಟು ಮುರಿದಿವೆ. ಪಕ್ಕದ ಬಂಕಲ್ಲಿ ಡೀಸೆಲ್ ಹಾಕಿಸ್ತಾ ಇದ್ದಾಗ ಕಣ್ಣಿಗೆ ಬಿತ್ತು," ಎಂದು ಇಳಿದ ಅಕ್ಕ, ದನಿ ತಗ್ಗಿಸಿದಳು. "ನಾನೇ ಸರಿಯಾಗಿ ಬಿಗಿ ಮಾಡಿಲ್ವೇನೋ. ಭುಜ ನೋವು ಬಂದಾಗಿಂದ ಕೈಯಲ್ಲಿ ಮೊದಲಿನ ಕಸುವಿಲ್ಲ ಕಣೋ."

ಲಾರಿ ವಿಷಯದಲ್ಲಿ ಸೋಲೊಪ್ಪುವ ಜಾಯಮಾನವೇ ಅಲ್ಲ ಅವಳದ್ದು.

ತಮ್ಮ ಜಾಕ್ ಕೊಟ್ಟು ಚಕ್ರ ಬಿಚ್ಚಿ, ಮುರಿದ ತುಂಡನ್ನು ಬೆಳಕಿಗೆ ಹಿಡಿದ. ಮುರಿದ ಮುಖದ ಬಹುಪಾಲು ನುಣ್ಣಗಾಗಿ ತುಕ್ಕು ಹಿಡಿದಿತ್ತು. ಒಂದು ಅಂಚು ಮಾತ್ರ ಹೊಳೆಯುತ್ತಿತ್ತು. ಒಂದೇ ಏಟಿಗೆ ಮುರಿದದ್ದಲ್ಲ, ಚಕ್ರ ಸಡಿಲಾಗಿ ಅಲುಗಾಡುತ್ತಾ ದಿನಾ ಚೂರುಚೂರೇ ಬಿರಿದದ್ದು. ಸಡಿಲಾದದ್ದಾದರೂ ಯಾಕೆ? ಅಕ್ಕ ಬಿಗಿದ ನಟ್ಟು ಬಿಚ್ಚಲು ಯಾವತ್ತೂ ಅವನಿಗೇ ಬೆವರು ಕಿತ್ತುಬರುತ್ತಿತ್ತು.

ಚಕ್ರದ ಒಳಮುಖ ನೋಡಿದ. ಅಚ್ಚಿನ ತುದಿಯ ಹಬ್‌ಗೆ ತಾಗಿ ಕೂರುವ ಜಾಗದ ತುಂಬ ದಪ್ಪನೆ ಕೆಂಪು ಪೇಂಟು. ಬೋಲ್ಟಿನ ತೂತುಗಳ ಸುತ್ತ ಅದು ಪುಡಿಪುಡಿಯಾಗಿ ಎದ್ದಿತ್ತು. ಟೈರ್ ಬದಲಿಸಲು ಚಕ್ರಗಳನ್ನು ಬಿಚ್ಚಿಟ್ಟಾಗ, ಗೋಡೆಗೆ ಬಣ್ಣ ಬಳಿಯುವ ಕಸುಬಿನ ಭಾವ, ಹೆಂಡತಿಗೆ ಖುಷಿಯಾಗಲಿ ಅಂತ ಬಳಿದ ಬಣ್ಣ.

ಭಾವನಿಗೆ ನೋವಾಗದಿರಲಿ ಅಂತ, 'ಬೋಲ್ಟೇ ಹಳೇದು' ಎಂಬ ಸುಳ್ಳು ತಮ್ಮನ ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಭಾವನೇ ಬಗ್ಗಿ ನೋಡಿದ.

"ಇದು ನನ್ನ ಕೆಲಸಾನಾ?"

"ಹೂಂ ಭಾವ. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿ ಕೂರಬೇಕು. ನಡುವೆ ಪೇಂಟಿದ್ರೆ ಓಡ್ತಾ ಓಡ್ತಾ ಉದುರಿಹೋಗುತ್ತೆ, ನಟ್ಟು ಸಡಿಲ ಆಗುತ್ತೆ."

"ಅಂದ್ರೆ ನನ್ನ ಕೈ ಸೋತಿಲ್ಲ!" ಅಕ್ಕನ ಮುಖ ಅರಳಿತು. ಆದರೆ ಗಂಡನ ಕಣ್ಣು ತುಂಬಿದ್ದು ಕಂಡು ಹತ್ತಿರ ಸರಿದಳು.

"ನಿನ್ನ ಪ್ರಾಣಕ್ಕೇ ಕುತ್ತು ತರ್ತಿದ್ದೆನಲ್ಲೇ," ಎಂದ ಭಾವ.

"ಬಿಡ್ರೀ, ಏನೂ ಆಗಿಲ್ವಲ್ಲ. ಅಡುಗೆಮನೆ ಗೋಡೆಗೆ ಬಳೀರಿ ಅಂತ ಬಾಯಿ ಬಡ್ಕೊಂಡೆ, ಅದಕ್ಕೆ ಪುರುಸೊತ್ತಿಲ್ಲ. ಯಾರಿಗೂ ಕಾಣದ ಜಾಗಕ್ಕೆ ಎರಡೆರಡು ಕೋಟು!"

ಭಾವನಿಗೆ ಅಳುವಿನ ನಡುವೆಯೇ ನಗು ಬಂತು.

ಉಳಿದ ಬೋಲ್ಟುಗಳೂ ನಲುಗಿರುತ್ತವೆ ಅಂತ ತಮ್ಮ ಆ ಚಕ್ರದ ಅಷ್ಟನ್ನೂ ಬಡಿದು ತೆಗೆದು ಹೊಸವನ್ನು ಕೂರಿಸಿದ. ಬೇರೆ ಚಕ್ರಗಳನ್ನೂ ಬಿಚ್ಚಿ ಪರೀಕ್ಷಿಸಿದ. ಭಾವ ನೆಲಕ್ಕೆ ಕೂತು ಒಳಮುಖದ ಪೇಂಟನ್ನೆಲ್ಲ ಕೆರೆದು ಕಬ್ಬಿಣ ಬೆಳ್ಳಗಾಗಿಸಿದ.

"ಹೊರಗಿಂದೂ ತೆಗೀಲಾ?"

"ಮುಟ್ಟಿದ್ರೆ ನೋಡಿ! ದಾರೀಲಿ ಎಲ್ರೂ ತಿರುಗಿ ನೋಡ್ತಾರೆ," ಎಂದಳು ಅಕ್ಕ.

ನಟ್ಟುಗಳನ್ನು ಎದುರುಬದುರು ಬಿಗಿಯುತ್ತಾ ಬಂದ ತಮ್ಮ, ಕೊನೆಯ ಚಕ್ರಕ್ಕೆ ಪಾನಾವನ್ನು ಅಕ್ಕನ ಕೈಗೆ ಕೊಟ್ಟ. ಅವಳು ಬಿಗಿದ ಮೇಲೆ ಬಿಗಿ ಅಳೆಯುವ ರೆಂಚ್ ಹಾಕಿ ನೋಡಿದ.

"ಸ್ವಲ್ಪ ಜಾಸ್ತೀನೇ ಆಯ್ತಕ್ಕ," ಎಂದ.