ಹಿಡಿದುಕೊಟ್ಟವಳು

ನನ್ನ ಓರಗಿತ್ತಿ ರೀನುವಿನಷ್ಟು ಕಾನೂನು ಬಲ್ಲ ಬಸುರಿ ನಮ್ಮ ಹರಿಯಾಣದಲ್ಲೇ ಇರಲಿಕ್ಕಿಲ್ಲ. ಅಂಗನವಾಡಿಯ ಸಭೆಯಲ್ಲಿ ಮುಸುಕು ಸರಿಸದೆಯೇ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು: "ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ಕೇಳೋದೂ ಅಪರಾಧ, ಹೇಳೋದೂ ಅಪರಾಧ. ಜೈಲೇ!" ನನ್ನ ಹೆಸರು ಭತೇರಿ. ಸಾಕಪ್ಪಾ ಸಾಕು ಅಂತ ಅರ್ಥ. ಐದನೇ ಹೆಣ್ಣಿಗೆ ಅಪ್ಪ ಇಟ್ಟ ಹೆಸರು. ಹಾಗಾಗಿ ಅವಳ ಮಾತು ಕೇಳಿದಾಗಲೆಲ್ಲ ನನ್ನ ಮನಸ್ಸು ತಂಪಾಗುತ್ತಿತ್ತು.

ಆ ಧೈರ್ಯ ನೋಡಿಯೇ ಆರೋಗ್ಯ ಇಲಾಖೆಯವರು ಕಳ್ಳ ಸ್ಕ್ಯಾನಿನವನನ್ನು ಹಿಡಿಯಲು ಅವಳನ್ನು ಗಿರಾಕಿಯ ಹಾಗೆ ಯಮುನೆಯಾಚೆ ಕರೆದೊಯ್ದರು. ಅಲ್ಲೊಬ್ಬ ಕಾರಿನಲ್ಲೇ ಸ್ಕ್ಯಾನ್ ಯಂತ್ರ ಇಟ್ಟುಕೊಂಡು ತಿರುಗುತ್ತಿದ್ದ. ಅವನು ಹೊಟ್ಟೆ ನೋಡಿ ಬಾಯಿ ಬಿಟ್ಟದ್ದೇ ತಡ, ಪೊಲೀಸರು ಕೊರಳಪಟ್ಟಿ ಹಿಡಿದರು. ಮರುದಿನ ಊರವರು ರೀನುವಿಗೆ ಶಾಲು ಹೊದಿಸಿದರು. ನಾನು ರೊಟ್ಟಿ ಮುರಿದು, ಬೆಲ್ಲ ಹಾಕಿ, ತುಪ್ಪ ಸುರಿದು ಚೂರ್ಮಾ ಕಲಸಿದೆ.

ಅವಳು ತಟ್ಟೆ ಮುಟ್ಟಲಿಲ್ಲ. ನನ್ನನ್ನು ಎಮ್ಮೆ ಕೊಟ್ಟಿಗೆಗೆ ಎಳೆದುಕೊಂಡು ಹೋದಳು.

"ಅಕ್ಕಾ, ಅವನು ಹೆಣ್ಣು ಅಂದ. ನಂಗೆ ಆಗ್ಲೇ ಇಬ್ಬರು ಹೆಣ್ಮಕ್ಕಳಿದಾರೆ. ಸೂಲಗಿತ್ತಿ ಹತ್ರ ಬಸುರು ಇಳಿಸೋ ಮಾತ್ರೆ ಇದ್ಯಂತೆ, ತಂದ್ಕೊಡು."

"ಏನೇ ಇದು? ಹೊದ್ದ ಶಾಲು ಇನ್ನೂ ಹೆಗಲ ಮೇಲಿದೆ! ಕಾನೂನು ಮರ್ತು ಹೋಯ್ತಾ?"

"ಮರೆತಿಲ್ಲ. ನಾನೇನು ಕೇಳೋಕೆ ಹೋಗಿದ್ನಾ? ಸರ್ಕಾರವೇ ಕರ್ಕೊಂಡು ಹೋಯ್ತು. ಹೇಳಿದವನು ಒಳಗಿದಾನೆ. ಅಲ್ಲಿಗೆ ಕಾನೂನು ಮುಗೀತಲ್ಲ! ಇನ್ನು ನಂದೇನು ತಪ್ಪು?"

ಇಷ್ಟು ದಿನ ನಾನು ಬೀಗಿದ್ದು ಇಂಥ ಲೆಕ್ಕಾಚಾರಕ್ಕಾ? ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಿದ್ದರೆ ನೆಟ್ಟಗೆ ಸೂಲಗಿತ್ತಿಯ ಮನೆಗೇ ಹೋಗುತ್ತಿದ್ದಳು.

"ಹುಚ್ಚಿ! ಅಂಥ ಕಳ್ಳರು ಎಲ್ಲರಿಗೂ ಹೆಣ್ಣು ಅಂತಲೇ ಹೇಳೋದು. ತೆಗೆಸೋಕೆ ಬಂದ್ರೆ ತಾನೇ ಜೇಬು ತುಂಬೋದು? ಆ ಡಬ್ಬೀಲಿ ಅವನಿಗೆ ಏನು ಕಾಣ್ತೋ, ಅವನ ತಲೆ!"

ಮೋಡ ಸರಿದಂತೆ ರೀನುವಿನ ಮುಖ ಬೆಳಗಿತು. ನನ್ನೆರಡೂ ಕೈ ಹಿಡಿದುಕೊಂಡಳು. "ಹಂಗಾದ್ರೆ ಗಂಡಾ, ಅಕ್ಕಾ?"

ನನಗೇನು ಗೊತ್ತು? ಆದರೆ ಗೊತ್ತಿಲ್ಲ ಅಂದರೆ ಮತ್ತೆ ಅದೇ ಮಾತ್ರೆ.

"ಗಂಡೇ," ಅಂದೆ.

ಅವಳು ಒಳಗೆ ಹೋಗಿ ಚೂರ್ಮಾ ಪೂರ್ತಿ ತಿಂದಳು, ಕೇಳಿ ಇನ್ನಷ್ಟು ಹಾಕಿಸಿಕೊಂಡಳು. ಸದ್ಯಕ್ಕೆ ಮಗು ಉಳಿಯಿತು. ನಾನು ಮಾತ್ರ ಬಾಗಿಲಲ್ಲೇ ನಿಂತಿದ್ದೆ. ಹೆಣ್ಣಾದರೆ, ಹುಟ್ಟಿದ ದಿನ ಅದನ್ನು ಯಾರ ಮಡಿಲಿಗೆ ಹಾಕಲಿ?