ಸೊಪ್ಪಿಲ್ಲದ ಕಾಲದ ಹೊಗೆ

‘ಇವತ್ತೂ ಹೊಗೆ. ಅಪ್ಪನಿಗೆ ಹೇಳಬೇಕು. ಹೇಳಲಿಲ್ಲ.’

ಮಧುಶ್ರೀ ಡೈರಿ ಮುಚ್ಚಿ ದಿಂಬಿನಡಿ ಇಟ್ಟಳು. ಮಾರ್ಚ್ ತಿಂಗಳಲ್ಲಿ ಈ ಸಾಲನ್ನು ಬರೆದದ್ದು ಇದು ಒಂಬತ್ತನೆಯ ಸಲ. ಬಿ.ಎ. ಮುಗಿಸಿದ ಹುಡುಗಿ. ಬರೆಯಲು ಕೂತರೆ ಪುಟ ತುಂಬಿಸುತ್ತಿದ್ದಳು; ಎದುರಿಗೆ ಜನ ಕಂಡರೆ ಮಾತು ಗಂಟಲಲ್ಲೇ ಉಳಿಯುತ್ತಿತ್ತು. “ಬಾಯಿಗೆ ಬೀಗ ಹಾಕ್ಕಂಡು ಕೀ ಎಲ್ಲೋ ಬೀಳುಸ್ಕಂಡವ್ಳೆ ನಮ್ಮುಡ್ಗಿ” ಎಂದು ಸೋದರತ್ತೆ ಕುಳ್ಳಮ್ಮ ಗಲ್ಲ ಹಿಂಡಿ ನಗುತ್ತಿದ್ದಳು.

ಅವರ ಊರು ಹ್ಯಾಂಡ್‌ಪೋಸ್ಟ್‌ನಿಂದ ಅಂತರಸಂತೆಗೆ ಹೋಗುವ ದಾರಿಯಲ್ಲಿದೆ. ಆ ಕಡೆ ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಸೊಪ್ಪು ಬೇಯಿಸಲು ಒಂದು ಬ್ಯಾರನ್ ಇರುತ್ತದೆ: ಎತ್ತರದ ಗೋಡೆ, ಕೆಳಗೆ ಒಲೆ, ಮೇಲೆ ಹೊಗೆ ಹೋಗುವ ಕೊಳವೆ. ಆಗಸ್ಟ್ ಕಳೆದ ಮೇಲೆ ಅದರಿಂದ ಹೊಗೆ ಬಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಮಾರ್ಚ್‌ನಲ್ಲಿ ಬೇಯಿಸಲು ಹೊಲದಲ್ಲಿ ಸೊಪ್ಪೆಲ್ಲಿದೆ?

ಅದೂ ಅವಳ ಅಪ್ಪ ನಿಂಗಯ್ಯ ಸೊಪ್ಪು ಬೆಳೆಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಖಾಲಿ ಬಿದ್ದ ಬ್ಯಾರನ್ನನ್ನು ಸಂಕ್ರಾಂತಿ ಹೊತ್ತಿಗೆ ಒಬ್ಬ ಗುಜರಿ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟಿದ್ದ. ‘ಸಾಮಾನು ಇಡೋಕೆ’ ಎಂದಿದ್ದ ವ್ಯಾಪಾರಿ. ಕರಾರು ಪತ್ರವಿಲ್ಲ, ಅವನ ಆಧಾರ್ ಪ್ರತಿಯೂ ಇಲ್ಲ, ಬರೀ ಬಾಯಿಮಾತು. ಬಂದ ದಿನವೇ ಅವನು ಹಳೆಯ ಬೀಗ ತೆಗೆದು ತನ್ನ ಬೀಗ ಜಡಿದುಕೊಂಡ. ಬ್ಯಾರನ್ನಿನ ಪಕ್ಕದಲ್ಲೇ ಇರುವ ಅಕ್ಕ ಕುಳ್ಳಮ್ಮನಿಗೆ ನಿಂಗಯ್ಯ ಈ ವಿಷಯ ಹೇಳಿರಲಿಲ್ಲ. ತಂದೆ ಕಟ್ಟಿಸಿದ್ದನ್ನು ಕಂಡವರಿಗೆ ಕೊಟ್ಟೆ ಎಂದು ಬೈಯುತ್ತಾಳೆಂಬ ಅಳುಕು.

ಭಾನುವಾರ ಹುಲ್ಲು ಕುಯ್ಯಲು ಹೋದ ಮಧುಶ್ರೀ ಬ್ಯಾರನ್ನಿನ ಹಿಂದೆ ಕಂಡದ್ದು ಒಡೆದ ಬ್ಯಾಟರಿ ಡಬ್ಬಗಳ ಗುಡ್ಡೆ. ಪಕ್ಕದ ಗುಂಡಿಯಲ್ಲಿ ಮೂಗು ಉರಿಸುವ ನೀರು. ಸುತ್ತ ಹುಲ್ಲೆಲ್ಲ ಸುಟ್ಟಂತೆ ಕಪ್ಪಾಗಿತ್ತು.

ಅವಳು ಪ್ರಮೀಳಾಳ ಮನೆಗೆ ಹೋದಳು. ಪ್ರಮೀಳಾ ಊರಿನಲ್ಲಿ ಬಟ್ಟೆ ಹೊಲಿಯುವವಳು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯೂ ಹೌದು. ರವಿಕೆ ಅಳತೆಯ ನೆಪ ಹೂಡಿ ಹೋದ ಮಧುಶ್ರೀ, ಕಂಡದ್ದನ್ನೆಲ್ಲ ಬರೆದಿದ್ದ ಡೈರಿಯನ್ನು ಹೊಲಿಗೆ ಮಷೀನಿನ ಮೇಲೆ ಇಟ್ಟಳು.

ಪ್ರಮೀಳಾ ಓದಿ ದಾರ ಕತ್ತರಿಸಿದಳು. “ಬ್ಯಾಟ್ರಿ ಒಡ್ದು ಸೀಸ ಕರಗುಸ್ತಾವ್ರೆ ಕಣೇ. ಆ ಹೊಗೆ ವಿಸ. ನಿಮ್ಮಪ್ಪುಂಗೆ ಹೇಳ್ದಾ?”

ಮಧುಶ್ರೀ ತಲೆ ತಗ್ಗಿಸಿದಳು.

“ನಡಿ, ನಾನೂ ಬತ್ತೀನಿ.”

ನಿಂಗಯ್ಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ.

“ಅಣ್ಣ, ನಿಮ್ ಬ್ಯಾರನ್ನೊಳಗೆ ಏನ್ ನಡೀತದೆ ಗೊತ್ತಾ?”

“ಬಾಡ್ಗೆಗೆ ಕೊಟ್ಟಿವ್ನಿ. ಒಳಗೆ ಅವ್ನು ಪೂಜೆನಾರ ಮಾಡ್ಲಿ, ಮುದ್ದೆನಾರ ತಿರುವ್ಲಿ, ನಂಗ್ಯಾಕವ್ವ? ಬೀಗಾನೂ ಅವುಂದೇ.”

“ಬೀಗ ಅವುಂದು. ಗ್ವಾಡೆ ಯಾರ್ದಣ್ಣ?”

“ಓಹೋ! ರವ್ಕೆ ಹೊಲಿಯೋದ್ ಬುಟ್ಟು ಕೋರ್ಟ್ ನಡ್ಸಕ್ಕೆ ನಿಂತ್ಯಾ?”

“ನೀವು ಕೋರ್ಟ್ ಮೆಟ್ಲು ಹತ್ಬಾರ್ದು ಅಂತಲೇ ಬಂದಿವ್ನಿ. ಅವ್ನು ಬ್ಯಾಟ್ರಿ ಒಡ್ದು ಒಳಗೆ ಸೀಸ ಕರಗುಸ್ತಾವ್ನೆ, ಹಿಂದ್ಗಡೆ ಗುಂಡೀಲಿ ವಿಸದ ನೀರು ನಿಂತದೆ. ಪರ್ಮಿಷನ್ ಇಲ್ದೆ ಸೀಸ ಕರಗ್ಸಂಗಿಲ್ಲ. ಅಕ್ಕಪಕ್ಕದೋರ ಉಸ್ರಿಗೆ, ನೀರಿಗೆ ತೊಂದ್ರೆ ಆದ್ರೆ ಅದ್ಕೆ ಸಾರ್ವಜನಿಕ ಉಪದ್ರವ ಅಂತಾರೆ, ಅದೂ ಅಪರಾಧವೇ. ಗೊತ್ತಿದ್ದೂ ಜಾಗ ಕೊಟ್ಟು ಸುಮ್ಕಿದ್ರೆ ಜಾಗದ ಯಜಮಾನ್ರ ಮೇಲೂ ಕೇಸ್ ಆಗ್ಬೋದು.”

“ನಂಗ್ ಗೊತ್ತೇ ಇರ್ನಿಲ್ವಲ್ಲ!”

“ಇಲ್ಲೀಗಂಟ ಇರ್ನಿಲ್ಲ. ಈಗ ಗೊತ್ತಾಯ್ತಲ್ಲ, ಇನ್ಮೇಲೆ ಸುಮ್ಕಿರಂಗಿಲ್ಲ.”

ನಿಂಗಯ್ಯ ಲೋಟ ಕುಕ್ಕಿ ಎದ್ದ. “ಅಂಗಾದ್ರೆ ಈಗ್ಲೇ ಓಗಿ ಬೀಗ ಒಡ್ದು, ಅವುನ್ ಸಾಮಾನ್ನೆಲ್ಲ ರೋಡಿಗೆ ಎಸ್ದು ಬತ್ತೀನಿ.”

“ಅದು ಬ್ಯಾಡ! ಆಗ ತಪ್ಪು ನಿಮ್ ಮ್ಯಾಕೂ ಬತ್ತದೆ. ಪೊಲೀಸ್ರಿಗೆ ಹೇಳಿ, ಪಂಚಾಯ್ತಿಗೂ ಬರ್ದು ಕೊಡಿ. ಅವ್ರು ಬಂದು ನೋಡ್ಲಿ.”

ಪೊಲೀಸ್ ಎಂದೊಡನೆ ಅವನ ಜೋರು ಇಳಿಯಿತು. ಮತ್ತೆ ಕೂತ. “ಇಷ್ಟ್ ದಿನ ಯಾರೂ ಕೇಳ್ನಿಲ್ವಲ್ಲವ್ವ. ತೊಂದ್ರೆ ಆಗಿದ್ರೆ ಬಂದು ಜಗಳ ಆಡ್ತಿರ್ನಿಲ್ವಾ?”

ಬಾಗಿಲ ಬಳಿ ಕೆಮ್ಮು ಕೇಳಿಸಿತು. ಮಜ್ಜಿಗೆ ತಂದಿದ್ದ ಕುಳ್ಳಮ್ಮ ಚೊಂಬು ಹಿಡಿದೇ ನಿಂತಿದ್ದಳು.

“ಬಾಡ್ಗೆಗೆ ಕೊಟ್ಟಿದ್ಯೇನ್ಲಾ?” ಎಂದಳು ಮೆಲ್ಲಗೆ. “ಎರಡ್ ತಿಂಗ್ಳಿಂದ ಕೆಮ್ತಾವ್ನಿ. ಎಮ್ಮೆ ಮೇವು ಮುಟ್ತಿಲ್ಲ. ನಮ್ ನಿಂಗ ಎಲ್ಲಿಂದ್ಲೋ ಸೊಪ್ಪು ತಂದು ತಿರ್ಗಾ ಬೇಯಿಸ್ತಾವ್ನೆ, ಕೆಟ್ಟ ಸೊಪ್ಪೇನೋ, ಅದ್ಕೇ ಇಂಗೆ ನಾರ್ತದೆ ಅಂದ್ಕಂಡೆ. ತಮ್ಮುನ್ ಒಲೆ ಹೊಗೆ, ಒಸಿ ದಿನ ತಡ್ಕಳಾನ ಅಂತ ಕಿಟ್ಕಿ ಮುಚ್ಕಂಡಿದ್ದೆ ಕಣ್ಲಾ.”

ನಿಂಗಯ್ಯನ ಮುಖ ಸಣ್ಣದಾಯಿತು. “ಒಂದ್ ಮಾತು ಕೇಳ್ಬಾರ್ದಿತ್ತೇನಕ್ಕ?”

“ನೀನೊಂದ್ ಮಾತು ಹೇಳ್ಬಾರ್ದಿತ್ತೇನ್ಲಾ?”

ಎರಡು ಮಾತೂ ತನಗೇ ಬಂದು ತಾಕಿದಂತಾಯಿತು ಮಧುಶ್ರೀಗೆ. ಹೇಳದವನು ಅಪ್ಪ, ಕೇಳದವಳು ಅತ್ತೆ. ಒಂಬತ್ತು ದಿನ ಕಂಡು ಬರೆದಿಟ್ಟವಳು ತಾನು. ಅವಳು ಎದ್ದು ಅತ್ತೆಯ ಕೈಯಿಂದ ಚೊಂಬು ತೆಗೆದುಕೊಂಡಳು.

“ನಾಳೆ ಆಸ್ಪತ್ರೆಗೆ ಕರ್ಕೊಂಡೋಗಿ, ಸೀಸದ ಹೊಗೆ ಅಂತ ಡಾಕ್ಟ್ರಿಗೆ ಹೇಳಿ” ಎಂದಳು ಪ್ರಮೀಳಾ. “ಎಮ್ಮೇನ ಆ ಗುಂಡಿ ಕಡೀಕೆ ಬುಡ್ಬೇಡಿ.”

ನಿಂಗಯ್ಯ ಜೇಬಿನಿಂದ ಫೋನ್ ತೆಗೆದು 112 ಒತ್ತಿದ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಜಗಲಿಯ ಮೇಲಿಟ್ಟ.

ಫೋನ್ ರಿಂಗಾಗುತ್ತಿದೆ. ಅಷ್ಟರಲ್ಲಿ, ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮಗೂ ಒಂದು ಮಾತು. ನಿಮ್ಮದೂ ಒಂದು ಖಾಲಿ ಬ್ಯಾರನ್ನೋ, ಅಂಗಡಿಯೋ, ತೋಟದ ಶೆಡ್ಡೋ ಬಾಡಿಗೆಗೆ ಹೋಗಿದೆಯೇ? ಯಾವ ಕೆಲಸಕ್ಕೆ ಕೊಟ್ಟಿರೆಂದು ಕರಾರಿನಲ್ಲಿ ಬರೆಸಿ. ಬಾಡಿಗೆದಾರರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಆಗಾಗ, ಅವರಿಗೆ ತಿಳಿಸಿಯೇ, ಹೋಗಿ ನೋಡಿ ಬನ್ನಿ. ತಪ್ಪು ಕೆಲಸ ಕಂಡರೆ ಠಾಣೆಗೆ, ಪಂಚಾಯಿತಿಗೆ ಬರೆದು ಕೊಟ್ಟು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ದಾರಿ ತೋಚದಿದ್ದರೆ ಉಚಿತ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಿ. ಯಾರೂ ಜಗಳಕ್ಕೆ ಬಂದಿಲ್ಲ ಎಂದು ನೆಮ್ಮದಿಯಾಗಿರಬೇಡಿ. ನಿಮ್ಮ ಮೇಲಿನ ಪ್ರೀತಿಗೆ ಯಾರೋ ಕಿಟಕಿ ಮುಚ್ಚಿಕೊಂಡು ಕೆಮ್ಮುತ್ತಿರಬಹುದು.

ಅತ್ತ ಕಡೆಯಿಂದ ದನಿ ಬಂತು. ನಿಂಗಯ್ಯ ಊರ ಹೆಸರು ಹೇಳಿದ. ಬ್ಯಾಟರಿ, ಹೊಗೆ, ಗುಂಡಿ, ಎಲ್ಲ ಹೇಳಿದ.

“ಸರಿ, ಆ ಜಾಗ ಯಾರದು?”

“ಜಾಗ... ಅದು ಸಾ... ಬಾಡ್ಗೆಗೆ...” ನಿಂಗಯ್ಯನ ನಾಲಗೆ ತೊಡರಿತು.

ಮಧುಶ್ರೀ ಫೋನಿನತ್ತ ಬಾಗಿದಳು.

“ನಮ್ದು ಸಾರ್” ಎಂದಳು, ಬೀದಿಗೆಲ್ಲ ಕೇಳುವಂತೆ. “ಆ ಬ್ಯಾರನ್ ನಮ್ದೇ.”