ಎದುರು ಮಗ್ಗದ ಮಾತು

ಅಕ್ಕನ ಮೇಲೆ ಹೊದಿಸಿದ ಬಿಳಿ ಬಟ್ಟೆಯ ಅಂಚಿನಲ್ಲಿ ಒಂದು ಎಳೆ ಜೋತಾಡುತ್ತಿತ್ತು. ಎದುರಮ್ಮ ಬಾಗಿ ಅದನ್ನು ಹಲ್ಲಿನಿಂದ ಕಡಿಯುತ್ತಿದ್ದಾಗಲೇ ಅಂಗಳದಲ್ಲಿ ಮೈಕು ಕಿರ್ರೆಂದು ಕಿರುಚಿತು. ಒಳಗೆ ಕೂತಿದ್ದ ಮುದುಕಿಯರಲ್ಲಿ ಒಬ್ಬರೂ ಬೆಚ್ಚಲಿಲ್ಲ. ಬಟ್ಟೆ ಮಿಲ್ಲು ಅವರನ್ನೆಲ್ಲ ಮನೆಗೆ ಕಳಿಸುವಾಗ ಅವರ ಕಿವಿಗಳನ್ನು ತಾನೇ ಇಟ್ಟುಕೊಂಡಿತ್ತು.

"ಎಂಥ ನೇಯ್ಗೆ ಇದು," ಎನ್ನುತ್ತ ಎದುರಮ್ಮ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. "ಅಕ್ಕ ನೋಡಿದ್ರೆ ಇದನ್ನ ಹೊದ್ದುಕೊಳ್ತಾನೇ ಇರ್ಲಿಲ್ಲ. ಎದ್ದು ಹೋಗ್ತಿದ್ಲು."

"ಎಲ್ಲಿಗೆ ಹೋಗ್ತಾಳೆ, ಸುಮ್ನಿರೇ," ಎಂದಳು ಬಾಬಿನ್ ಅಜ್ಜಿ, ಬೀದಿಗೆಲ್ಲ ಕೇಳುವ ಹಾಗೆ. ಮಿಲ್ಲಿನಲ್ಲಿ ಬಾಬಿನ್ನಿಗೆ ನೂಲು ಸುತ್ತುತ್ತಿದ್ದವಳು. ಪಿಸುಮಾತು ಎಂಬುದೊಂದು ಇದೆ ಎಂದೇ ಮರೆತಿದ್ದಳು.

ಅಂಗಳದಲ್ಲಿ ಕಾರ್ಮಿಕ ಸಂಘದ ಕಾರ್ಯದರ್ಶಿ ಶುರು ಹಚ್ಚಿಕೊಂಡಿದ್ದ. ಕಿಟಕಿಯಿಂದ ಅವನ ಬಾಯಿ ಚೆನ್ನಾಗಿ ಕಾಣುತ್ತಿತ್ತು. "ಅಕ್ಕ ಜೀವನವಿಡೀ ಮೌನವಾಗಿ ದುಡಿದ ಜೀವ..."

"ಮೌನವಂತೆ," ಎಂದು ಎದುರಮ್ಮ ನಕ್ಕುಬಿಟ್ಟಳು. ಸಾವಿನ ಮನೆ ಎಂಬುದು ಆಮೇಲೆ ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಆ ನಗುವನ್ನು ಬಾಗಿಲಲ್ಲಿ ನಿಂತಿದ್ದ ಅಕ್ಕನ ಮಗಳು ನೋಡಿದಳು. ಬಂದವಳೇ ಅವಳ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಚಿಕ್ಕಮ್ಮಾ, ಗಾಡಿ ಬರೋದ್ರೊಳಗೆ ನಂಗೊಂದು ಹೇಳ್ಬೇಕು ನೀವು. ಆಸ್ಪತ್ರೇಲಿ ಅಮ್ಮನ ಗಂಟಲು ಬಿದ್ದುಹೋಗಿತ್ತು. ಆದ್ರೂ ಏನೋ ಹೇಳ್ತಾನೇ ಇದ್ಲು, ಬರೀ ತುಟೀಲಿ. ನೀರು ಕೊಟ್ಟೆ. ಅದಲ್ಲ ಅಂತ ತಲೆ ಆಡಿಸಿದ್ಲು. ದಿಂಬು ಸರಿಸಿದೆ. ಅದೂ ಅಲ್ಲ. ಕೊನೇವರೆಗೂ ಅದನ್ನೇ ಹೇಳಿದ್ಲು, ನಂಗೆ ತಿಳೀಲೇ ಇಲ್ಲ."

ಎದುರಮ್ಮ ನೆಲ ನೋಡಿದಳು. ಅದೇ ದಿನಗಳಲ್ಲಿ ಅವಳು ಕಣ್ಣಿಗೆ ಆಪರೇಷನ್ ಆಗಿ, ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಬಿದ್ದಿದ್ದಳು. ಅಕ್ಕನ ತುಟಿಯನ್ನು ಓದಬಲ್ಲ ಕಣ್ಣು ಕತ್ತಲಲ್ಲಿತ್ತು.

*

ಆಗ ಮಿಲ್ಲಿನಲ್ಲಿ ಮಗ್ಗಗಳ ಆ ಗದ್ದಲದಲ್ಲಿ ದನಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಹೆಂಗಸರು ದನಿಯನ್ನು ಗೇಟಿನ ಹೊರಗೆ ಬಿಟ್ಟು ಬರುತ್ತಿದ್ದರು. ಒಳಗೆ ನಡೆಯುತ್ತಿದ್ದುದೆಲ್ಲ ತುಟಿಯ ಮಾತು. ಅಕ್ಕನ ಎದುರಿನ ಮಗ್ಗ ಸಿಕ್ಕಿದ್ದಕ್ಕೇ ಇವಳು ಎದುರಮ್ಮ ಆದದ್ದು.

ಅಕ್ಕ ಪದ ಕಟ್ಟುತ್ತಿದ್ದಳು. ಬರೆಯಲು ಬಾರದವಳಲ್ಲ, ಕೈಗೆ ಬಿಡುವಿರಲಿಲ್ಲ. ಬಾಯಿ ಮಾತ್ರ ಖಾಲಿ ಇರುತ್ತಿತ್ತು. ಗಂಡನದು ರಾತ್ರಿ ಪಾಳಿ, ಅಕ್ಕನದು ಹಗಲು. ಒಂದು ಬೆಳಿಗ್ಗೆ ಲಾಳಿಗೆ ನೂಲು ಹಾಕುತ್ತ ಎದುರು ಮಗ್ಗದತ್ತ ಕತ್ತೆತ್ತಿ ಹೇಳಿದ್ದಳು:

ನಾನೆದ್ದ ಹಾಸಿಗೆಗೆ ಅವನು ಬರುತ್ತಾನೆ
ಬಿಸಿ ಆರುವ ಮುಂಚೆ.
ನಮ್ಮ ಸಂಸಾರ ಅಷ್ಟೇ,
ಒಂದು ಹೊದಿಕೆ ಕೈ ಬದಲಾಗುವುದು.

ಎದುರಮ್ಮನ ಮಗ್ಗದಲ್ಲಿ ಅಂದು ಎಳೆ ಕಡಿದದ್ದೇ ಅವಳಿಗೆ ತಿಳಿಯಲಿಲ್ಲ. ಮೇಸ್ತ್ರಿ ಬಂದು ಬೈದ. ಅವನ ಬೆನ್ನ ಹಿಂದೆ ಅಕ್ಕ ಅವನ ಮೀಸೆಯ ಮೇಲೊಂದು ಪದ ಕಟ್ಟಿ ಮುಗಿಸಿದ್ದಳು.

ಕಕ್ಕಸಿಗೆ ಹೋಗಲೂ ಮೇಸ್ತ್ರಿಯ ಅಪ್ಪಣೆ ಬೇಕು ಎಂದು ಆಡಳಿತದವರು ಹೇಳಿದ ದಿನ, ಅಕ್ಕನ ನಾಲ್ಕು ಸಾಲು ಎದುರಮ್ಮನ ತುಟಿಗೆ ಹಾರಿತು. ಅಲ್ಲಿಂದ ಪಕ್ಕದ ಮಗ್ಗಕ್ಕೆ, ಅಲ್ಲಿಂದ ಬಾಬಿನ್ ಕೋಣೆಗೆ. ಊಟದ ಗಂಟೆ ಹೊಡೆಯುವ ಹೊತ್ತಿಗೆ ಇಡೀ ಶೆಡ್ಡು ನಿಂತಿತ್ತು. ಕುಮ್ಮಕ್ಕು ಕೊಟ್ಟವರು ಯಾರೆಂದು ವಿಚಾರಣೆ ನಡೆಯಿತು. ಒಬ್ಬೊಬ್ಬರನ್ನೇ ಕರೆದು ಕೇಳಿದರು. ಎಲ್ಲರೂ ನಿಜವನ್ನೇ ಹೇಳಿದರು: ನಮಗೇನೂ ಕೇಳಿಸಲಿಲ್ಲ.

*

"ಅಮ್ಮ ಪದ ಕಟ್ತಿದ್ಲಾ?" ಮಗಳು ಒಲೆಯ ಕಟ್ಟೆ ಹಿಡಿದುಕೊಂಡಳು. "ಮನೇಲಿ ಎರಡು ಮಾತು ಬಿಟ್ರೆ ಮೂರನೇದು ಆಡಿದವಳಲ್ಲ."

"ಮನೆಗೆ ಬರೋಷ್ಟೊತ್ತಿಗೆ ಎಲ್ಲಾ ನಂಗೆ ಹೇಳಿ ಮುಗಿಸಿರ್ತಿದ್ಲಲ್ಲ. ನಿನ್ನ ಪಾಲಿಂದೂ ನಾನೇ ತಿಂದೆ ಅನ್ಕೋ." ಎದುರಮ್ಮ ಹೊಸ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. "ಅಷ್ಟು ಸಲ ನೋಡಿದೀಯಲ್ಲ, ಬಾಯಿ ಹೆಂಗೆ ಹೋಗ್ತಿತ್ತು? ಮಾಡಿ ತೋರಿಸು."

ಮಗಳು ಮಾಡಿದಳು. ತುಟಿಯ ಜೊತೆ ಗಂಟಲೂ ಗೊರಗೊರ ಎಂದು ಅಲುಗಿತು.

"ದನಿ ಬೇಡ ತಾಯಿ, ಅಡ್ಡ ಬರುತ್ತೆ. ಬರೀ ಬಾಯಿ. ನಿಧಾನ."

ಮಗಳು ಕಣ್ಣು ಮುಚ್ಚಿದಳು. ತುಟಿಗಳು ಅಲುಗಿದವು. ಮಾತು ಮುಗಿಯುವಲ್ಲಿ ಕೆಳತುಟಿ ಎಡಕ್ಕೆ ಕೊಂಚ ಎಳೆಯಿತು. ಎದುರಮ್ಮ ಇನ್ನೂ ಹತ್ತಿರ ಸರಿದಳು. ಅದು ಅಕ್ಕನ ಚಾಳಿ. ಹೊರಕೋಣೆಯಲ್ಲಿ ಮಲಗಿದ್ದ ಬಾಯಿ ಇಲ್ಲಿ ಅಡುಗೆಮನೆಯಲ್ಲಿ ಮಾತಾಡುತ್ತಿತ್ತು.

"'ಊಟ ಆಯ್ತಾ' ಅಂತಿದಾಳೆ."

"ಅಷ್ಟೇನಾ?" ಮಗಳ ಮುಖ ಬಾಡಿತು. "ದಿನಾ ಕೇಳ್ತಿದ್ದಿದ್ದೇ ಅದು. ಅದು, ಇಲ್ಲಾಂದ್ರೆ ಬಾಗಿಲು ಹಾಕಿದ್ಯಾ ಅಂತ."

"ತಾಳು. ಎರಡನೇ ಸಾಲು ಆ ಬಾಗಿಲಿಂದೇ ಇದೆ. ಪದ ಇದು, ಮಾತಲ್ಲ. ಮುಂದೆ ಮಾಡು."

ಮಗಳು ಮುಂದೆ ಮಾಡಿದಳು. ಒಂದು ಕಡೆ ತಪ್ಪಿತು, ಎದುರಮ್ಮ ಮತ್ತೆ ಮಾಡಿಸಿದಳು. ಕೊನೆಯ ಸಾಲಿಗೆ ಬರುವಾಗ ಎದುರಮ್ಮ ಪಕ್ಕದಲ್ಲಿದ್ದ ತಟ್ಟೆಯೊಂದನ್ನು ಎತ್ತಿ ಸುಮ್ಮನೆ ಬೇರೆ ಕಡೆ ಇಟ್ಟಳು. ಆಮೇಲೆ ಮಗಳ ಕಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಹೇಳಿದಳು. ಅಕ್ಕನ ಪದಕ್ಕೆ ಅವಳು ದನಿ ಕೊಟ್ಟದ್ದು ಅದೇ ಮೊದಲು. ತಡವರಿಸಿದಳು.

ಗಾಡಿ ಬಂದು ನಿಂತಿತ್ತು. ಅಕ್ಕನನ್ನು ಅಂಗಳಕ್ಕೆ ತಂದರು. ಮುದುಕಿಯರು ಗೋಡೆ ಹಿಡಿದು, ಒಬ್ಬರ ಭುಜ ಒಬ್ಬರು ಹಿಡಿದು ಹೊರಗೆ ಬಂದು ಸುತ್ತ ನಿಂತರು.

"ಮನೆಯವರು ಯಾರಾದ್ರೂ ಎರಡು ಮಾತು ಆಡೋದಿದ್ರೆ," ಎಂದು ಕಾರ್ಯದರ್ಶಿ ಕೇಳಿದ. ಮಗಳು ಮುಂದೆ ಬಂದಳು. ಅವನು ಮೈಕನ್ನು ಅವಳ ಬಾಯಿಯ ಹತ್ತಿರಕ್ಕೆ ಹಿಡಿದ.

"ಆ ಮೈಕು ತೆಗೆಯಪ್ಪಾ," ಬಾಬಿನ್ ಅಜ್ಜಿಯ ಗಂಟಲು ಮೈಕಿಗಿಂತ ಜೋರಾಗಿತ್ತು. "ಬಾಯಿ ಕಾಣ್ತಿಲ್ಲ."

ಕಾರ್ಯದರ್ಶಿಗೆ ಅರ್ಥವಾಗಲಿಲ್ಲ. ಮಗಳಿಗೆ ಆಯಿತು. ಮೈಕನ್ನು ಪಕ್ಕಕ್ಕೆ ಸರಿಸಿ, ಮುಖವನ್ನು ಬೆಳಕಿಗೆ ತಿರುಗಿಸಿ, ನಿಧಾನವಾಗಿ ಹೇಳಿದಳು:

ಊಟ ಆಯ್ತಾ ಅಂದೆ.
ಬಾಗಿಲು ಹಾಕಿದ್ಯಾ ಅಂದೆ.
ಬೇರೆ ಮಾತು ಮನೆವರೆಗೆ ಉಳಿಯುತ್ತಿರಲಿಲ್ಲ ಮಗಳೇ.
ಇನ್ನು ದಿನಾ ನೀನೇ ಕೇಳಿಕೋ,
ನಾನು ಹೂಂ ಅನ್ನುತ್ತೇನೆ.

ಎದುರಮ್ಮನ ತುಟಿ ಅಲುಗಿತು. ಅವಳ ಪಕ್ಕದವಳ ತುಟಿ, ಅದರ ಪಕ್ಕದ್ದು, ಬಾಬಿನ್ ಅಜ್ಜಿಯದು. ಒಬ್ಬರಿಂದ ಒಬ್ಬರಿಗೆ ಸಾಲುಗಳು ಅಂಗಳವನ್ನು ಸುತ್ತಿಕೊಂಡು ಬಂದವು, ಒಂದಿಷ್ಟೂ ಸದ್ದಿಲ್ಲದೆ. ಕೊನೆಗೆ ಆ ಮುದಿ ಬಾಯಿಗಳೆಲ್ಲ ಮಗಳ ಕಡೆಗೆ ತಿರುಗಿ, ತುಟಿ ಕೂಡಿಸಿ, ಹೂಂ ಎಂದವು.